ವಿದ್ಯಾರ್ಥಿಗಳ ಮಾಸಪತ್ರಿಕೆ: ಜಾಹೀರಾತಿಗಾಗಿ ಲೇಖನ ಬದಲಿಸಿದ ಗುಂಪಿಗೆ ಎಷ್ಟು ಅಂಕ ಕೊಡಬಹುದು?

ತುಂಗಭದ್ರೆಯ ದಂಡೆ (ಗಂಗಾವತಿ)

ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರಿನವರಿಗೆ ಗುಂಪಿನಲ್ಲಿ ಮಾಡುವ ಒಂದು ಕೆಲಸ ಒಪ್ಪಿಸಿದ್ದೆವು: ಕೊಪ್ಪಳ ಜಿಲ್ಲೆಯ ಓದುಗರಿಗೆಂದೇ 24 ಪುಟದ ಮಾಸಪತ್ರಿಕೆ, ಅದರಲ್ಲಿ ತಾವೇ ರೂಪಿಸಿದ ಮೂರು ಜಾಹೀರಾತು, ಕೊನೆಗೆ ಯಾವ ನಿರ್ಧಾರ ಏಕೆ ತೆಗೆದುಕೊಂಡೆವೆಂದು ತಿಳಿಸುವ ಒಂದು ವರದಿ. ಒಟ್ಟು 50 ಅಂಕ. ವಿನ್ಯಾಸಕ್ಕೆ 20, ಬರವಣಿಗೆಗೆ 15, ಜಾಹೀರಾತಿಗೆ 10, ವರದಿಗೆ 5. ಎರಡು ಗುಂಪುಗಳ ವಿಚಾರದಲ್ಲಿ ಪೆನ್ನು ಮುಂದಕ್ಕೆ ಓಡುತ್ತಿಲ್ಲ.

ಮೊದಲ ಗುಂಪಿನ ಪತ್ರಿಕೆ ನುಣುಪು ಕಾಗದದ್ದು, ಪುಟಪುಟವೂ ಬಣ್ಣ. ಮುಖಪುಟದ ಲೇಖನ ಕಿನ್ನಾಳದ ಗೊಂಬೆಗಳ ಬಗ್ಗೆ. ಆದರೆ ಚಿತ್ರದಲ್ಲಿ ಕುಳಿತಿರುವುದು ಚನ್ನಪಟ್ಟಣದ ಗೊಂಬೆ! ಯಂತ್ರಕ್ಕೆ ಕೊಟ್ಟು ತಿರುಗಿಸಿ ಉರುಟು ಮಾಡಿ, ಅರಗಿನ ಹೊಳಪು ಕೊಟ್ಟದ್ದು ಕಣ್ಣಿಗೇ ಕಾಣುತ್ತದೆ. ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಸೇರಿಸಿದ ಲೇಪ ಬಳಿದು, ಕುಂಚ ಹಿಡಿದು ಕಣ್ಣು, ಹುಬ್ಬು, ಒಡವೆ ಬರೆಯುತ್ತಾರೆ. ಕೊಪ್ಪಳ ತಾಲ್ಲೂಕಿನಲ್ಲೇ ಇರುವ ಆ ಊರಿಗೆ ಗುಂಪಿನ ಒಬ್ಬರೂ ಹೋಗಿಲ್ಲ. ಜಾಹೀರಾತುಗಳು ಮಾತ್ರ ನಿಜಕ್ಕೂ ಚೆನ್ನಾಗಿವೆ. ಇಳಕಲ್ ಸೀರೆಯ ಸೆರಗನ್ನೇ ಪುಟದ ಅಂಚಾಗಿಸಿರುವುದನ್ನು ನೋಡಿ ನಾನೇ ಒಂದು ಗಳಿಗೆ ನಿಂತುಬಿಟ್ಟೆ.

ಎರಡನೆಯ ಗುಂಪಿನದು ಸಾದಾ ಕಾಗದ, ಕಪ್ಪು ಬಿಳುಪು. ಅಲ್ಲಲ್ಲಿ ಕಾಲಂ ಓರೆಯಾಗಿದೆ. ಸೆಮಿಸ್ಟರಿನ ನಡುವೆ ಇವರು ತೋರಿಸಿದ ಕರಡಿನಲ್ಲಿ ಅಕ್ಕಿ ಗಿರಣಿಗಳ ಬೂದಿಯ ಮೇಲೆ ಎರಡು ಪುಟದ ಲೇಖನವಿತ್ತು. ಬಾಯ್ಲರಿಗೆ ಭತ್ತದ ಹೊಟ್ಟು ಉರಿಸುತ್ತಾರೆ, ಗಾಳಿ ತಿರುಗಿದರೆ ಬೂದಿ ಮನೆಗಳ ಮೇಲೆ ಬೀಳುತ್ತದೆ. ಮಕ್ಕಳು ಒಂದು ಮನೆಯ ಮಾಳಿಗೆಯಲ್ಲಿ ಬೆಳಿಗ್ಗೆ ಬಿಳಿ ಹಾಳೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಸಂಜೆ ಅದರ ಮೇಲೆ ಬೆರಳಿನಿಂದ ಗೀಟು ಎಳೆದು ಚಿತ್ರ ತೆಗೆದಿದ್ದರು. ಬೂದು ಹಾಳೆಯ ಮೇಲೆ ಒಂದು ಬಿಳಿ ಗೀಟು. ನನ್ನ ಕೈಗೆ ಬಂದ ವಿದ್ಯಾರ್ಥಿ ಚಿತ್ರಗಳಲ್ಲಿ ಅಂಥದ್ದು ಕಡಿಮೆ.

ಅಂತಿಮ ಪ್ರತಿಯಲ್ಲಿ ಆ ಚಿತ್ರವಿಲ್ಲ. ಲೇಖನ ಅರ್ಧ ಪುಟಕ್ಕೆ ಇಳಿದಿದೆ, ತಲೆಬರಹ 'ಭತ್ತದ ಕಣಜಕ್ಕೆ ಬಲ ತುಂಬಿದ ಗಿರಣಿಗಳು'. ಹಿಂಬದಿಯ ರಕ್ಷಾಪುಟದಲ್ಲಿ ಗಿರಣಿಯೊಂದರ ಜಾಹೀರಾತು, ಇಡೀ ಪತ್ರಿಕೆಯಲ್ಲಿ ಬಣ್ಣ ಇರುವುದು ಅದಕ್ಕೊಂದಕ್ಕೇ. ವರದಿಯಲ್ಲಿ ಅವರೇ ಬರೆದಿದ್ದಾರೆ: 'ಮುದ್ರಣದ ಖರ್ಚಿಗೆ ಬೇರೆ ದಾರಿ ಇರಲಿಲ್ಲ. ಮಾಲೀಕರು ಲೇಖನದ ಬಗ್ಗೆ ಏನೂ ಕೇಳಲಿಲ್ಲ. ನಾವೇ ಹೆದರಿ ಬದಲಿಸಿದೆವು.'

ಕೈಗೆ ಬಂದ ಪ್ರತಿಗೆ ಅಂಕ ಕೊಡಿ, ಕರಡಿನ ಗೊಡವೆ ಬೇಡ ಎನ್ನುತ್ತಾರೆ ಸಹೋದ್ಯೋಗಿ. ಹಾಗೆ ಕೊಟ್ಟರೆ ಮೊದಲ ಗುಂಪು 40 ದಾಟುತ್ತದೆ, ಎರಡನೆಯದು 30 ಮುಟ್ಟುವುದಿಲ್ಲ. ನನ್ನ ಮನಸ್ಸು ಒಪ್ಪುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅಚ್ಚಿನಮನೆ (ಬಳ್ಳಾರಿ)

ಮೇಡಂ, ನುಣುಪು ಕಾಗದಕ್ಕೆ ಅಂಕ ಕೊಡಬೇಡಿ. ಅದು ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಮುದ್ರಿತ ಪ್ರತಿ ಪಕ್ಕಕ್ಕಿಟ್ಟು ಮೂಲ ಫೈಲ್ ತೆರೆಸಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಮಾದರಿಗೆ ಅಕ್ಷರ ತುಂಬಿದ್ದಾರೋ, ತಾವೇ ಚೌಕಟ್ಟು ಹಾಕಿಕೊಂಡಿದ್ದಾರೋ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಅಂಚಿನಲ್ಲಿ ಕತ್ತರಿಸಲು 3 ಮಿ.ಮೀ. ಹೆಚ್ಚುವರಿ ಜಾಗ ಬಿಟ್ಟಿದ್ದಾರೆಯೇ ನೋಡಿ. ಪರದೆಯ ಬಣ್ಣವನ್ನು ಮುದ್ರಣದ ನಾಲ್ಕು ಬಣ್ಣಕ್ಕೆ ತಾವೇ ಬದಲಿಸಿದ್ದಾರೋ, ನಮ್ಮಂಥವರ ತಲೆಗೆ ಕಟ್ಟಿದ್ದಾರೋ ಕೇಳಿ. ಪರದೆಯಲ್ಲಿ ಉರಿಯುವ ಕೆಂಪು ಅಚ್ಚಿನಲ್ಲಿ ಇಟ್ಟಿಗೆ ಬಣ್ಣವಾದಾಗ ಬೈಗುಳ ತಿನ್ನುವವರು ನಾವೇ.

ಒತ್ತಕ್ಷರಗಳನ್ನೂ ಗಮನಿಸಿ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಸುರಿದು, ಭಾರತೀಯ ಲಿಪಿಗಳಿಗೆ ಬೇಕಾದ ಕಂಪೋಸರ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆಯ್ಕೆ ಮಾಡದಿದ್ದರೆ ಒತ್ತುಗಳು ಕಳಚಿ ಪಕ್ಕಕ್ಕೆ ನಿಲ್ಲುತ್ತವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ದಿಕ್ಕು ತಪ್ಪುವುದೂ ಉಂಟು. ಕರಡು ಓದಿದ್ದಾರೋ ಇಲ್ಲವೋ ಹೇಳಲು ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತು. ಕೊನೆಯ ಪುಟದ ಕೆಳಗೆ ಪತ್ರಿಕೆಯ ನೋಂದಣಿ ಸಂಖ್ಯೆ ಎಂದು ಏನಾದರೂ ಹಾಕಿದ್ದಾರೆಯೇ? ಹಲವು ಮಕ್ಕಳು ಬೇರೆ ಪತ್ರಿಕೆಯದ್ದನ್ನು ನೋಡಿ ಅಂಕಿ ತಿರುಚಿ ಹಾಕಿಬಿಡುತ್ತಾರೆ. ತರಗತಿಯ ಕೆಲಸವಾದರೂ ಅದು ಸಲ್ಲದು. ಪತ್ರಿಕೆಗಳ ನೋಂದಣಿಗಿದ್ದ 1867ರ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. 'ಖಾಸಗಿ ಪ್ರಸಾರಕ್ಕೆ ಮಾತ್ರ' ಎಂದು ಹಾಕಿಸಿ.

ಹಳೆಯ ಡೆಸ್ಕ್ (ಸಿಂಧನೂರು)

ಜಿಲ್ಲಾ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ತಲೆ ನರೆಸಿಕೊಂಡವನು ನಾನು. ಮಾಲೀಕರು ಏನೂ ಕೇಳಲಿಲ್ಲ, ನಾವೇ ಹೆದರಿದೆವು ಎಂಬ ವಾಕ್ಯವನ್ನು ನಮ್ಮ ಕಚೇರಿಯಲ್ಲಿ ಯಾರೂ ಬರೆದಿಡಲಿಲ್ಲ ಅಷ್ಟೇ. ಸಂಜೆ ಹೊತ್ತಿಗೆ ಜಾಹೀರಾತು ವಿಭಾಗದವರು ಒಮ್ಮೆ ಡೆಸ್ಕಿನ ಕಡೆ ಹಾದುಹೋದರೆ ಸಾಕಿತ್ತು, ಸುದ್ದಿ ತಾನಾಗಿಯೇ ಮೂರು ಕಾಲಂನಿಂದ ಒಂದಕ್ಕೆ ಇಳಿಯುತ್ತಿತ್ತು.

ಹಾಗೆಂದು ಪೂರ್ತಿ ಅಂಕ ಕೊಡಿ ಎನ್ನಲಾರೆ. ವರದಿ ಓದುವವರು ನೀವು, ಪತ್ರಿಕೆ ಓದುವವನು ಆ ಬಡಾವಣೆಯವನು. ಅವನಿಗೆ ಸಿಕ್ಕಿದ್ದು ಗಿರಣಿಯ ಹೊಗಳಿಕೆ. ಗಿರಣಿಯ ಜಾಹೀರಾತು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಅದೇ ಸಂಚಿಕೆಯಲ್ಲಿ ಬೂದಿಯ ಲೇಖನವೂ ಇರಬೇಕಿತ್ತು.

ಕರಡಿನ ಬಗ್ಗೆಯೂ ಒಂದು ಪ್ರಶ್ನೆ, ಅಮ್ಮಾ. ಅದರಲ್ಲಿ ಗಿರಣಿಯವರ ಮಾತಿತ್ತೇ? ಚಿಮಣಿಗೆ ದೂಳು ಹಿಡಿಯುವ ಸಾಧನ ಹಾಕಿದ್ದಾರೆಯೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಏನು ಷರತ್ತಿದೆ ಎಂದು ಕೇಳಿದ್ದರೇ? ಕೇಳದಿದ್ದರೆ ಆ ಎರಡು ಪುಟವೂ ಅರೆಬೆಂದದ್ದೇ. ಚಿತ್ರ ಚೆನ್ನಾಗಿದೆ ಎಂದು ನೀವು ಸ್ವಲ್ಪ ಮರುಳಾಗಿದ್ದೀರಿ ಎಂದು ನನ್ನ ಗುಮಾನಿ.

ಮೊದಲ ಗುಂಪಿನ ಉಳಿದ ಜಾಹೀರಾತುಗಳ ಒಕ್ಕಣೆಯನ್ನೂ ಓದಿ. ಸಕ್ಕರೆ ಕಾಯಿಲೆ ಗುಣಪಡಿಸುವ ನಾಟಿ ಔಷಧಿ ಎಂದೇನಾದರೂ ಇದ್ದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಂಥ ಜಾಹೀರಾತೇ ನಿಷಿದ್ಧ. ಬಣ್ಣ ಎಷ್ಟು ಚೆಂದವಿದ್ದರೂ ಸೊನ್ನೆ ಕೊಡಿ.

ಮಳೆಮಲ್ಲೇಶ್ವರ ಬೆಟ್ಟ (ಕೊಪ್ಪಳ)

ಎಲ್ಲರೂ ಮಕ್ಕಳ ಧೈರ್ಯ ಅಳೆಯುತ್ತಿದ್ದೀರಿ. ಮುದ್ರಣಕ್ಕೆ ಕಾಲೇಜು ಎಷ್ಟು ಕೊಟ್ಟಿತು? ನಾನೂ ಇದೇ ಕೋರ್ಸ್ ಓದಿದವಳು, ನಮ್ಮ ಕಾಲೇಜು ಬಿಡಿಗಾಸು ಕೊಟ್ಟಿರಲಿಲ್ಲ. ಅಂಗಡಿ ಅಂಗಡಿ ಅಲೆದು, 'ನಾಳೆ ಬಾ ತಂಗಿ' ಎನ್ನಿಸಿಕೊಂಡು ಬಂದವರಿಗೆ ಗೊತ್ತು. ಅಪ್ಪನೋ ಅಣ್ಣನೋ ಗಿರಣಿಯಲ್ಲಿ ಹಮಾಲಿ ಮಾಡುವ ಹುಡುಗಿ ಆ ಗುಂಪಿನಲ್ಲಿದ್ದರೆ ಅವಳು ಏನು ಮಾಡಬೇಕಿತ್ತು? ಗುಂಪಿಗೆಲ್ಲ ಒಂದೇ ಅಂಕ ಕೊಡುವ ಪದ್ಧತಿಯನ್ನಾದರೂ ಬಿಡಿ, ಮೇಡಂ. ಮಾಳಿಗೆ ಹತ್ತಿದವರು ಯಾರು, ಮನೆಯಲ್ಲಿ ಕುಳಿತು ಹೆಸರು ಹಾಕಿಸಿಕೊಂಡವರು ಯಾರು ಎಂದು ಕೇಳಿ.

ತುಂಗಭದ್ರೆಯ ದಂಡೆ

ಒಬ್ಬಳ ತಂದೆ ಗಿರಣಿಯಲ್ಲಿ ಹಮಾಲರು, ನಿಜ. ಜಾಹೀರಾತು ಕೊಟ್ಟ ಗಿರಣಿಯಲ್ಲ, ಬೇರೆಯದು. ಲೇಖನ ಬದಲಿಸೋಣ ಎಂದವಳು ಅವಳಲ್ಲ ಎಂದು ಇವತ್ತು ತಿಳಿಯಿತು. ಹಾಳೆ ಹಾಸಿದವಳು ಅವಳೇ.

ಡೆಸ್ಕಿನ ಹಿರಿಯರ ಗುಮಾನಿ ಸರಿ, ಕರಡಿನಲ್ಲಿ ಗಿರಣಿಯವರ ಮಾತು ಇರಲಿಲ್ಲ. ಸಕ್ಕರೆ ಕಾಯಿಲೆಯ ಔಷಧಿ ಇಲ್ಲ, ಆದರೆ 'ಜಿಲ್ಲೆಗೇ ನಂಬರ್ ಒನ್' ಎಂಬ ಬೇಕರಿ ಇದೆ. ಯಾರು ಎಣಿಸಿದರು ಎಂದು ಕೇಳುತ್ತೇನೆ.

ಅಂಕಗಳ ಹಂಚಿಕೆ ವಿಭಾಗದಲ್ಲಿ ಒಪ್ಪಿಗೆಯಾಗಿರುವುದರಿಂದ ಬದಲಿಸುವಂತಿಲ್ಲ. ಅದರೊಳಗೇ ಇಷ್ಟು ಮಾಡುತ್ತೇನೆ: ವಿನ್ಯಾಸದ 20 ಮೂಲ ಫೈಲ್ ನೋಡಿದ ಮೇಲೆ, ಒಬ್ಬೊಬ್ಬರನ್ನೇ ಕೂರಿಸಿ ಮೌಖಿಕ ಪರೀಕ್ಷೆ, ಕಿನ್ನಾಳದ ಲೇಖನಕ್ಕೆ 15ರಲ್ಲಿ 5ರ ಮೇಲೆ ಇಲ್ಲ. ಎರಡನೆಯ ಗುಂಪಿಗೆ ವರದಿಯ 5ಕ್ಕೆ 5. ಬರವಣಿಗೆಯಲ್ಲಿ ಅರ್ಧ ಪುಟ ಏನಿದೆಯೋ ಅದಕ್ಕೆ ತಕ್ಕಷ್ಟೇ. ಕಾಲೇಜಿನ ಗೋಡೆ ಪತ್ರಿಕೆಗೆ ಬೂದಿಯ ಲೇಖನವನ್ನು ಗಿರಣಿಯವರ ಉತ್ತರದೊಂದಿಗೆ ಪೂರ್ತಿ ಮಾಡಿಕೊಡಿ ಎಂದಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಉಳಿದವರು ಫಲಿತಾಂಶ ಬರಲಿ ಎನ್ನುತ್ತಿದ್ದಾರೆ.

ಅಚ್ಚಿನಮನೆಯವರೇ, ಎ4 ಅಳತೆ, 24 ಪುಟ, ಕಪ್ಪು ಬಿಳುಪು, ಗುಂಪಿಗೆ 25 ಪ್ರತಿ ಎಂದರೆ ಅಂದಾಜು ಎಷ್ಟಾಗುತ್ತದೆ? ಮುಂದಿನ ವರ್ಷದ ಖರ್ಚನ್ನು ಪ್ರಾಂಶುಪಾಲರ ಮುಂದೆ ಇಡಬೇಕು.

ಅಚ್ಚಿನಮನೆ (ಬಳ್ಳಾರಿ)

ಅಷ್ಟು ಕಡಿಮೆ ಪ್ರತಿಗೆ ಆಫ್‌ಸೆಟ್ ಗಿಟ್ಟುವುದಿಲ್ಲ, ಡಿಜಿಟಲ್ ಮಾಡಿಸಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ತೂಕದ ಮ್ಯಾಪ್‌ಲಿಥೋ ಕಾಗದ, ಮಧ್ಯೆ ಎರಡು ಪಿನ್. ಎಷ್ಟು ಗುಂಪು ಎಂದು ತಿಳಿಸಿದರೆ ದರಪಟ್ಟಿ ಕಳಿಸುತ್ತೇನೆ. ಬಣ್ಣದ ರಕ್ಷಾಪುಟ ಬೇಕಿದ್ದರೆ ಈಗಲೇ ಹೇಳಿ, ಆಮೇಲೆ ಜಗಳ ಬೇಡ.