ಬ್ರೇಕ್ ಒತ್ತಿದ್ರ ಪೆಡಲ್ ಕಾಲಿಗಿ ಒದೀತದ, ಫ್ಯೂಸ್ ತಗೀಲೇನ್ರಿ?

ಪ್ರಶ್ನೆ (ಮಾಸ್ತರ್ರು, ಸೇಡಂ):
ಅಣ್ಣಾ ನಮಸ್ಕಾರ್ರಿ. ಹೋದ ವಾರ ಮೊದಲನೇ ಮಳಿ ಬಿತ್ತಲ್ರಿ, ಆವತ್ತು ಮಳಖೇಡ ದಾಟಿ ಕಲಬುರಗಿ ಕಡಿ ಬರ್ತಿದ್ದೆ. ಸ್ಪೀಡ್ 60ರ ಆಸುಪಾಸು. ಎಡಗಡಿ ಹೊಲದಿಂದ ಎರಡು ಎಮ್ಮಿ ದಬಕ್ನೆ ರಸ್ತಾಕ್ಕ ಬಂದ್ವು. ಜೋರ್ ಬ್ರೇಕ್ ಒತ್ತಿದೆ. ಪೆಡಲ್ ಕಾಲಿಗಿ ಟಕಟಕ ಒದೀತು, ಮುಂದ ಬಾನೆಟ್ ಒಳಗ ಗರ್ರ್ ಅಂತ ಸಪ್ಪಳ. ಏನೋ ಮುರೀತು ಅಂತ ಹೆದರಿ ಕಾಲ್ ತಗದೆ, ಮತ್ತ ಒತ್ತಿದೆ. ಎಮ್ಮಿ ಕಾಲಿಗಿ ಒಂದು ಗೇಣು ಇದ್ದಾಗ ಗಾಡಿ ನಿಂತದ. ಊರಾಗಿನ ಮಿಸ್ತ್ರಿಗಿ ತೋರಿಸಿದ್ರ "ಎಬಿಎಸ್ ಕೆಟ್ಟದ, ಫ್ಯೂಸ್ ತಗದು ಬಿಡ್ರಿ, ಮೊದಲಿನ ಗಾಡಿ ಹಂಗ ಆಗ್ತದ" ಅಂದ. ತಗೀಲೇನ್ರಿ? ನಮ್ಮಪ್ಪ ಜೀಪ್ ಕಲಿಸೋವಾಗ ಮಳ್ಯಾಗ ಬ್ರೇಕ್ ಬಿಟ್ಟು ಬಿಟ್ಟು ಒತ್ತು ಅಂತ ಕಲಿಸ್ಯಾರ. ಅದೂ ತಪ್ಪೇನು?

ಉತ್ತರ (ಬ್ರೇಕ್ ಮಿಸ್ತ್ರಿ, ಕಲಬುರಗಿ ರಿಂಗ್ ರೋಡ್):
ಮಾಸ್ತರ್ರ, ಮೊದಲು ಫ್ಯೂಸಿನ ಮಾತು. ತಗೀಬ್ಯಾಡ್ರಿ. ಎಬಿಎಸ್ ಅಂದ್ರ ಜೋರ್ ಬ್ರೇಕ್ ಒತ್ತಿದ್ರೂ ಗಾಲಿ ಲಾಕ್ ಆಗದಂಗ ನೋಡೋ ಏರ್ಪಾಡು. ಅದು ಕೆಟ್ಟಿಲ್ಲ, ಆವತ್ತು ತನ್ನ ಕೆಲಸ ಮಾಡ್ಯಾದ. ನಡುವ ಕಾಲ್ ತಗದು ಕೆಲಸ ಕೆಡಿಸಿದ್ದು ನೀವು. ಬ್ಯಾಸರ ಮಾಡ್ಕೋಬ್ಯಾಡ್ರಿ, ನನ್ನ ಶೆಡ್ಡಿಗಿ ತಿಂಗಳಿಗಿ ಒಬ್ಬರಾದ್ರೂ ಇದೇ ದೂರು ತಗೊಂಡು ಬರ್ತಾರ. ಗಾಡಿ ಮಾರೋವಾಗ ಶೋರೂಮ್‌ನವರು ಹಾಡು ಹೆಂಗ ಹಚ್ಚಬೇಕು ಅಂತ ಅರ್ಧ ತಾಸು ತೋರಿಸ್ತಾರ, ಪೆಡಲ್ ಒದೀತದ ಅಂತ ಒಂದು ಮಾತು ಹೇಳಂಗಿಲ್ಲ.

ಒಳಗ ಏನಾಗ್ತದ ಅಂದ್ರ, ನಿಮ್ಮ ಮನ್ಯಾಗ ಶಹಾಬಾದ್ ಪರ್ಸಿ ಹಾಸ್ಯಾರಲ್ಲ? ಅದರ ಮ್ಯಾಗ ಜ್ವಾಳದ ಚೀಲ ನೂಕಿ ನೋಡ್ರಿ. ಅದು ಕದಲೋತನಕ ಸೊಂಟ ಮುರೀತದ. ಒಮ್ಮಿ ಜಾರಾಕ ಚಾಲೂ ಆತಂದ್ರ ಹುಡುಗರೂ ನೂಕಿಕೊಂಡು ಹೋಗ್ತಾರ. ಟೈರಿಂದೂ ಇದೇ ಕತಿ. ಗಾಲಿ ತಿರುಗ್ತಾ ಇದ್ದಾಗ ಟೈರ್ ನೆಲಾನ ಹಿಡಕೊಂಡಿರ್ತದ. ಬ್ರೇಕ್ ಜಾಸ್ತಿಯಾಗಿ ಗಾಲಿ ಪೂರಾ ನಿಂತುಬಿಟ್ರ, ಅಂದ್ರ ಲಾಕ್ ಆದ್ರ, ಟೈರ್ ಜಾರೋ ಚೀಲ ಆಗ್ತದ. ಹಿಡಿತ ಕಮ್ಮಿ ಆಗ್ತದ, ಅದಕ್ಕಿಂತ ಕೆಟ್ಟದ್ದು ಅಂದ್ರ ಸ್ಟೇರಿಂಗ್ ಸತ್ತು ಹೋಗ್ತದ. ತಿರುಗದ ಗಾಲಿ ಯಾವ ಕಡಿ ಮುಖ ಮಾಡಿದ್ರೂ ಗಾಡಿ ನೆಟ್ಟಗ ಎಮ್ಮಿ ಮ್ಯಾಗೇ ಹೋಗ್ತದ.

ಹಿಡಿತ ಎಲ್ಲಕಿಂತ ಜಾಸ್ತಿ ಸಿಗೋದು ಗಾಲಿ ಸ್ವಲ್ಪೇ ಸ್ವಲ್ಪ ಜಾರೋವಾಗ. ಗಾಡಿ 60ರಾಗ ಹೊಂಟದ, ಗಾಲಿ ಮಾತ್ರ 50ರ ಲೆಕ್ಕದಾಗ ತಿರುಗ್ತದ ಅಂತ ತಿಳೀರಿ, ಆ ಹದ. ಆ ಹದದಾಗ ನಿಲ್ಲಿಸಿ ಹಿಡಿಯೋದು ಮನುಷ್ಯಾರ ಕಾಲಿಗಿ ಆಗೋ ಕೆಲಸ ಅಲ್ಲ. ಅದಕ್ಕ ನಾಲ್ಕೂ ಗಾಲಿ ಹತ್ರ ಒಂದೊಂದು ಸೆನ್ಸರ್ ಇಟ್ಟಾರ. ಗಾಲಿ ಜೋಡಿ ಒಂದು ಹಲ್ಲಿನ ಉಂಗುರ ತಿರುಗ್ತದ, ಒಂದೊಂದು ಹಲ್ಲು ಮುಂದ ಹೋದಾಗ ಸೆನ್ಸರ್ ಎಣಿಸ್ತದ. ಒಂದು ಗಾಲಿ ಲೆಕ್ಕ ದಬಕ್ನೆ ಕುಸೀತಂದ್ರ, ಅದು ಲಾಕ್ ಆಗಾಕತ್ತದ ಅಂತ ಕಂಪ್ಯೂಟರಿಗಿ ತಿಳೀತದ. ಆವಾಗ ಮಾಡ್ಯುಲೇಟರ್, ಅಂದ್ರ ವಾಲ್ವ್ ಇರೋ ಡಬ್ಬಿ, ಆ ಗಾಲಿಗಿ ಹೋಗೋ ಬ್ರೇಕ್ ಆಯಿಲ್ ದಾರಿ ಮುಚ್ತದ. ಸಾಲದಿದ್ರ ಇನ್ನೊಂದು ವಾಲ್ವ್ ತಗದು ಪ್ರೆಶರ್ ಇಳಸ್ತದ. ಗಾಲಿ ಮತ್ತ ತಿರುಗಿತಂದ್ರ ಪ್ರೆಶರ್ ಏರಸ್ತದ. ಗಾಲಿಗಿ ಎರಡರಂಗ ನಾಲ್ಕಕ್ಕ ಎಂಟು ವಾಲ್ವ್. ಮುಚ್ಚು, ಬಿಡು, ಒತ್ತು, ಇದು ಒಂದು ಸೆಕೆಂಡಿನಾಗ ಹತ್ತು ಹದಿನೈದು ಸಲ ನಡೀತದ.

ಇಳಿಸಿದ ಆಯಿಲ್ ಎಲ್ಲಿ ಹೋಗಬೇಕು? ಅಲ್ಲೇ ಒಂದು ಸಣ್ಣ ಮೋಟಾರ್ ಪಂಪ್ ಅದ. ಅದು ಆಯಿಲ್ಲನ್ನ ವಾಪಸ್ ಮಾಸ್ಟರ್ ಸಿಲಿಂಡರ್ ಕಡಿ, ಅಂದ್ರ ಪೆಡಲ್ ಒತ್ತಿದಾಗ ಆಯಿಲ್ ನೂಕೋ ಸಿಲಿಂಡರ್ ಕಡಿ, ನೂಕ್ತದ. ನಿಮ್ಮ ಕಾಲಿಗಿ ಬಿದ್ದ ಒದಿ ಅದೇ. ಗರ್ರ್ ಅಂದದ್ದು ಆ ಪಂಪಿನ ಸಪ್ಪಳ.

ನಿಮ್ಮಪ್ಪ ಹೇಳಿದ್ದು ಜೀಪಿಗಿ ಖರೇನೇ ಇತ್ತು. ಬಿಟ್ಟು ಬಿಟ್ಟು ಒತ್ತೋದು ಅಂದ್ರ ಕಾಲಿಂದ ಮಾಡೋ ಎಬಿಎಸ್. ಸೆಕೆಂಡಿಗಿ ಎರಡು ಸಲ ಆದ್ರ ದೊಡ್ಡದು, ಅದೂ ನಾಲ್ಕೂ ಗಾಲಿಗಿ ಒಮ್ಮಿಗೇ. ಈ ಗಾಡ್ಯಾಗ ನೀವು ಕಾಲ್ ಬಿಟ್ರ ಅಷ್ಟೊತ್ತು ಬ್ರೇಕೇ ಇಲ್ಲ ಅಂತ ಅರ್ಥ. ಎಮ್ಮಿ ಬಂತು, ಪೂರಾ ಜೋರಿಲೆ ಒತ್ರಿ, ಒದೀಲಿ ಬಿಡ್ರಿ, ಒತ್ತೇ ಹಿಡೀರಿ. ಕಣ್ಣು ಎಮ್ಮಿ ಮ್ಯಾಗ ಬ್ಯಾಡ, ಖಾಲಿ ಇದ್ದ ಜಾಗದ ಮ್ಯಾಗ ಇಡ್ರಿ, ಆ ಕಡಿ ಸ್ಟೇರಿಂಗ್ ತಿರುವ್ರಿ. ತಿರುಗ್ತದ. ಎಬಿಎಸ್ ಇಟ್ಟದ್ದೇ ಅದಕ್ಕ.

ಫ್ಯೂಸ್ ತಗದ್ರ ಹಿಂದಿನ ಗಾಲಿಗಿ ಎಷ್ಟು ಬ್ರೇಕ್ ಅಂತ ಹಂಚೋ ಇಬಿಡಿನೂ ಹೋಗ್ತದ, ಅದೂ ಅದೇ ಕಂಪ್ಯೂಟರಿಂದೇ ನಡಿಯೋದು. ಹಿಂದಿನ ಗಾಲಿ ಮೊದಲು ಲಾಕ್ ಆದ್ರ ಗಾಡಿ ಗಿರಕಿ ಹೊಡೀತದ. ಆ ಮಿಸ್ತ್ರಿಗಿ ನನ್ನ ನಮಸ್ಕಾರ ಹೇಳ್ರಿ.

ಪ್ರತಿಕ್ರಿಯೆ (ಜೇವರ್ಗಿಯ ಹಿರಿಯರು):
ನಾವು ನಲವತ್ತು ವರ್ಷ ಇವೇನೂ ಇಲ್ಲದ ಗಾಡಿ ಹೊಡದೀವಿ. ಏನಾಗ್ಯಾದ?

ಉತ್ತರ (ಬ್ರೇಕ್ ಮಿಸ್ತ್ರಿ):
ಕಾಕಾ, ನಿಮಗ ಏನೂ ಆಗಿಲ್ಲ, ಶರಣಬಸಪ್ಪನ ದಯಾ. ಆವಾಗ ರಸ್ತಾದಾಗ ಗಾಡಿ ಎಷ್ಟಿದ್ವು, ಸ್ಪೀಡ್ ಎಷ್ಟಿತ್ತು ಅದನ್ನೂ ನೆನಸ್ರಿ. ಇದೇನು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಮೊದಲು ವಿಮಾನದ ಗಾಲಿಗಿ ಹಾಕ್ತಿದ್ರು. ಕಾರಿಗಿ ಈಗಿನ ಎಲೆಕ್ಟ್ರಾನಿಕ್ ರೂಪದಾಗ ಬಾಷ್ ಕಂಪನಿ 1978ರಾಗ ತಂತು, ಮೊದಲು ಹಾಕಿದ್ದು ಮರ್ಸಿಡಿಸ್ ಎಸ್ ಕ್ಲಾಸಿಗಿ. ನಮ್ಮ ದೇಶದಾಗ ಹೊಸ ಮಾಡೆಲ್ ಕಾರಿಗಿ 2018ರ ಏಪ್ರಿಲ್‌ನಿಂದ, ಉಳಿದವಕ್ಕೆಲ್ಲ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡ್ಯಾರ.

ಮರುಪ್ರಶ್ನೆ (ಸೇಡಂ ಮಾಸ್ತರ್ರು):
ತಿಳೀತ್ರಿ ಅಣ್ಣಾ. ಅಂದ್ರ ಎಬಿಎಸ್ ಇದ್ರ ಗಾಡಿ ಜಲ್ದಿ ನಿಲ್ತದ ಅಂತ ತಿಳ್ಕೋಬೇಕಾ?

ಉತ್ತರ (ಬ್ರೇಕ್ ಮಿಸ್ತ್ರಿ):
ಅಲ್ಲೇ ಎಲ್ಲಾರೂ ತಪ್ತಾರ. ಒಣ ಡಾಂಬರಿನ್ಯಾಗ, ತೊಯ್ದ ಡಾಂಬರಿನ್ಯಾಗ ಬಹಳ ಸಲ ಜಲ್ದಿ ನಿಲ್ತದ, ಖರೆ. ಆದ್ರ ಸಡ್ಲ ಜಲ್ಲಿ ಕಡಿ ಹಾಕಿದ ರಸ್ತಾ, ಮಣ್ಣು, ಉಸುಕು ಇದ್ದಲ್ಲಿ ಉಲ್ಟಾ. ಲಾಕ್ ಆದ ಗಾಲಿ ಕಡೀನ ಮುಂದ ಗುಡ್ಡಿ ಹಾಕ್ಕೊಂಡು ಅದಕ್ಕೇ ಆನಿಸಿ ನಿಲ್ತದ. ಎಬಿಎಸ್ ಲಾಕ್ ಆಗಾಕ ಬಿಡಂಗಿಲ್ಲ, ಗುಡ್ಡಿ ಬೀಳಂಗಿಲ್ಲ, ನಾಲ್ಕು ಹೆಜ್ಜಿ ಮುಂದ ಹೋಗಿ ನಿಲ್ತದ. ರಿಪೇರಿ ನಡದ ರಸ್ತಾದಾಗ ಅಂತರ ಜಾಸ್ತಿ ಇಡ್ರಿ.

ಇನ್ನೊಂದು ನಮ್ಮ ಕಡಿ ರೋಗ ಅಂದ್ರ ರಸ್ತಾದ ಮ್ಯಾಗ ರಾಶಿ. ತೊಗರಿ ಸುಗ್ಗಿ ಬಂತಂದ್ರ ಅರ್ಧ ರಸ್ತಾ ಕಣ ಆಗ್ತದ. ತೊಗರಿ ಕಾಳು ಗಾಲಿ ತೆಳಗ ಸಿಕ್ರ ಬೇರಿಂಗಿನ ಗುಂಡ ಇದ್ದಂಗ. ಅದರ ಮ್ಯಾಗ ಯಾವ ಕಂಪ್ಯೂಟರೂ ಏನೂ ಮಾಡಾಕ ಬರಂಗಿಲ್ಲ, ಹಿಡಿಯಾಕ ನೆಲಾನೇ ಸಿಗಂಗಿಲ್ಲಲ್ಲ. ಶಹಾಬಾದ್ ಕಡಿ ಪಾಲಿಶ್ ಕಾರ್ಖಾನಿ ಮುಂದ ಹರಿಯೋ ಕಲ್ಲಿನ ರಾಡಿನೂ ಹಂಗೇ. ಮೊದಲೇ ಸ್ಪೀಡ್ ಇಳಸ್ರಿ.

ಲೆಕ್ಕ ಬೇಕಂದ್ರ, ನೀವು ಮಾಸ್ತರ್ರು, ನೀವೇ ಮಾಡಿ ನೋಡ್ರಿ. 60ರಾಗ ಗಾಡಿ ಸೆಕೆಂಡಿಗಿ ಸುಮಾರು 17 ಮೀಟರ್ ಹೋಗ್ತದ. ಎಮ್ಮಿ ಕಂಡು ಕಾಲು ಬ್ರೇಕಿಗಿ ಬರೋದ್ರಾಗ ಒಂದು ಸೆಕೆಂಡ್, ಅಂದ್ರ 17 ಮೀಟರ್ ಸುಮ್ಮನೇ ಹೋತು. ಆಮ್ಯಾಲ ಒಣ ಡಾಂಬರಾದ್ರ ಇನ್ನೊಂದು 20 ಮೀಟರ್, ತೊಯ್ದಿದ್ರ 35ರ ಸುತ್ತ. ಸ್ಪೀಡ್ 80 ಇದ್ರ ತೊಯ್ದ ರಸ್ತಾದಾಗ ಬ್ರೇಕ್ ಒತ್ತಿದ ಮ್ಯಾಗೇ 60 ಮೀಟರ್ ದಾಟ್ತದ. 20 ಕಿಲೋಮೀಟರ್ ಏರಿಸಿದ್ದಕ್ಕ ಹೆಚ್ಚುಕಮ್ಮಿ ದುಪ್ಪಟ್ಟು.

ಪ್ರಶ್ನೆ (ಯಾದಗಿರಿ, ಬಾಡಿಗಿ ಗಾಡಿ ಓಡಿಸೋರು):
ಉಸ್ತಾದ್, ಮುಂದಿನ ಎಡಗಡಿ ಗಾಲಿ ಬೇರಿಂಗ್ ಸಪ್ಪಳ ಬರ್ತಿತ್ತು, ಹೊಸಾದು ಹಾಕಿಸಿದೆ. ಅವತ್ತಿನಿಂದ ಎಬಿಎಸ್ ಹಳದಿ ಲೈಟ್ ಆರವಲ್ಲದು. ಸೆನ್ಸರ್ ಬದಲಿಸಿದ್ರೂ ಹಂಗೇ ಅದ. ಬ್ರೇಕ್ ಛಲೋ ಹಿಡೀತದ. ಹಂಗೇ ಓಡಿಸಬಹುದಾ?

ಉತ್ತರ (ಬ್ರೇಕ್ ಮಿಸ್ತ್ರಿ):
ಸೆನ್ಸರಿಗಿ ಕೊಟ್ಟ ರೊಕ್ಕ ಹೋದಂಗ ಕಾಣಸ್ತದ. ಈಗಿನ ಬಹಳ ಗಾಡ್ಯಾಗ ಹಲ್ಲಿನ ಉಂಗುರ ಬ್ಯಾರೆ ಇರಂಗಿಲ್ಲ, ಬೇರಿಂಗಿನ ಒಂದು ಬದಿಗಿ ಕಪ್ಪ ಸೀಲ್ ಇರ್ತದಲ್ಲ, ಅದೇ ಆಯಸ್ಕಾಂತದ ಉಂಗುರ. ಆ ಬದಿ ಸೆನ್ಸರ್ ಕಡಿ ಬರಬೇಕು. ನೋಡದೆ ಉಲ್ಟಾ ಬಡದ್ರ ಗಾಲಿ ತಿರುಗ್ತದ, ಸಪ್ಪಳ ಇಲ್ಲ, ಸೆನ್ಸರಿಗಿ ಮಾತ್ರ ಏನೂ ಕಾಣಂಗಿಲ್ಲ. ಸೀದಾ ಹಾಕಿದ್ರೂ ಪ್ರೆಸ್ಸಿನಾಗ ಸೀಲಿಗಿ ಪೆಟ್ಟಾಗಿದ್ರ ಅದೇ ಕತಿ. ಒಂದು ಉಪಾಯ ಹೇಳ್ತೀನಿ: ಬೇರಿಂಗ್ ಹಾಕೋ ಮೊದಲು ಒಂದು ಪೇಪರ್ ಪಿನ್ ಹಿಡೀರಿ, ಅದು ಎಳೆಯೋ ಬದಿ ಸೆನ್ಸರಿಂದು. ಗಾಡಿ ಕಂಪ್ಯೂಟರಿನ ಲೆಕ್ಕ ಓದೋ ಸ್ಕ್ಯಾನರ್ ಹಚ್ಚಿ ಗಾಡಿ 20ರಾಗ ಓಡಿಸಿ ನಾಲ್ಕೂ ಗಾಲಿ ಸ್ಪೀಡ್ ನೋಡ್ರಿ, ಮೂರು ಗಾಲಿ 20 ತೋರಿಸಿ ಒಂದು ಸೊನ್ನಿ ತೋರಿಸ್ತದ.

ಹಳದಿ ಲೈಟ್ ಒಂದೇ ಇದ್ರ ಸಾದಾ ಬ್ರೇಕ್ ಇರ್ತದ, ಎಬಿಎಸ್ ಇರಂಗಿಲ್ಲ. ವರ್ಕ್‌ಶಾಪಿನ ತನಕ ನಿಧಾನ ಬರಬಹುದು. ಹಳದಿ ಜೋಡಿ ಕೆಂಪು ಬ್ರೇಕ್ ಲೈಟೂ ಹತ್ತಿದ್ರ ಅಲ್ಲೇ ನಿಲ್ಲಸ್ರಿ, ಆಯಿಲ್ ಡಬ್ಬಿ ನೋಡ್ರಿ. ಬಾಡಿಗಿ ಗಾಡಿ ಅಂತೀರಿ, ಹಿಂದ ಕೂತವರು ನಿಮ್ಮನ್ನ ನಂಬಿ ಕೂತಾರ, ಈ ವಾರದಾಗ ಮಾಡಿಸ್ರಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ರ ಅದನ್ನೂ ಹೇಳ್ರಿ. ಆಯಿಲ್ ಗಾಳ್ಯಾಗಿನ ನೀರು ಕುಡೀತದ, ಆ ನೀರು ವಾಲ್ವಿಗಿ ತುಕ್ಕು ಹಿಡಸ್ತದ. ಮಾಡ್ಯುಲೇಟರ್ ಹೋದ್ರ ಖರ್ಚು ನೋಡಿ ಬಾಯಿ ಬಿಡ್ತೀರಿ.

ಪ್ರಶ್ನೆ (ಬೀದರ್ ಜಿಲ್ಲೆ, ಶಿಕ್ಷಕಿ):
ನಮಸ್ಕಾರ. ನನ್ನ ಕಾರಿನಲ್ಲಿ ಜಾರುವ ಕಾರಿನ ಚಿತ್ರ ಇರುವ ಒಂದು ಗುಂಡಿ ಇದೆ. ಟ್ರ್ಯಾಕ್ಷನ್ ಕಂಟ್ರೋಲ್ ಅಂತಾರೆ. ಕಳೆದ ಆಷಾಢದಲ್ಲಿ ತವರಿಗೆ ಹೋದಾಗ ಹೊಲದ ದಾರಿಯಲ್ಲಿ ಕಾರು ಸಿಕ್ಕಿಕೊಂಡಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನ್ ಏರಲಿಲ್ಲ, ಆ ಚಿತ್ರ ಮಿಣಮಿಣ ಅಂತಿತ್ತು. ಕೊನೆಗೆ ಅಣ್ಣ ಟ್ರ್ಯಾಕ್ಟರ್ ತಂದು ಎಳೆದ. ಇದು ಎಬಿಎಸ್‌ಗೆ ಸಂಬಂಧಿಸಿದ್ದಾ?

ಉತ್ತರ (ಬ್ರೇಕ್ ಮಿಸ್ತ್ರಿ):
ಅಕ್ಕೋರ, ಎರಡೂ ಒಂದೇ ಮನಿ ಮಕ್ಕಳು. ಅದೇ ಸೆನ್ಸರ್, ಅದೇ ಪಂಪ್. ಎಬಿಎಸ್ ನಿಲ್ಲಿಸೋವಾಗ ಗಾಲಿ ಲಾಕ್ ಆಗದಂಗ ನೋಡ್ತದ, ಟ್ರ್ಯಾಕ್ಷನ್ ಕಂಟ್ರೋಲ್ ಹೊಂಡೋವಾಗ ಗಾಲಿ ಸುಮ್ಮನೇ ಗರಗರ ತಿರುಗದಂಗ ನೋಡ್ತದ. ಅದಕ್ಕೇ ಒಂದು ಸೆನ್ಸರ್ ಹೋದ್ರ ಎರಡೂ ಲೈಟ್ ಹತ್ತತಾವ.

ಗಾಡ್ಯಾಗ ಡಿಫರೆನ್ಷಿಯಲ್ ಅಂತ ಇರ್ತದ. ತಿರುವಿನ್ಯಾಗ ಹೊರಗಿನ ಗಾಲಿ ಜಾಸ್ತಿ, ಒಳಗಿನದು ಕಮ್ಮಿ ತಿರುಗಲಿ ಅಂತ ಇಟ್ಟದ್ದು. ಅದರ ಚಾಳಿ ಏನಂದ್ರ, ಎರಡೂ ಗಾಲಿಗಿ ಸಮ ಜೋರು ಕೊಡ್ತದ. ಒಂದು ಗಾಲಿ ಕೆಸರಿನ್ಯಾಗ ಇದ್ರ ಅದಕ್ಕ ಹಿಡಿತ ಇಲ್ಲ, ಅಷ್ಟೇ ಕಮ್ಮಿ ಜೋರು ಗಟ್ಟಿ ನೆಲದಾಗಿನ ಗಾಲಿಗೂ. ಕೆಸರಿನ ಗಾಲಿ ಬುಗುರಿ ಹಂಗ ತಿರುಗ್ತದ, ಗಟ್ಟಿ ನೆಲದ್ದು ನೋಡ್ತಾ ಕೂಡ್ತದ. ಟ್ರ್ಯಾಕ್ಷನ್ ಕಂಟ್ರೋಲ್ ಏನ್ ಮಾಡ್ತದ, ನೀವು ಬ್ರೇಕ್ ಮುಟ್ಟದಿದ್ರೂ ತಾನೇ ಪಂಪ್ ಓಡಿಸಿ ಆ ಬುಗುರಿ ಗಾಲಿಗಿ ಬ್ರೇಕ್ ಹಾಕ್ತದ. ತಡೆ ಸಿಕ್ಕ ಕೂಡ್ಲೆ ಗಟ್ಟಿ ನೆಲದ ಗಾಲಿಗೂ ಜೋರು ಬರ್ತದ. ಸಾಲದಿದ್ರ ಇಂಜಿನ್ ಪವರ್ ಕಡಿತದ. ತೊಯ್ದ ಘಾಟಿನ್ಯಾಗ, ಉಸುಕು ಬಿದ್ದ ತಿರುವಿನ್ಯಾಗ ಇದು ಬಹಳ ಛಲೋ. ಮಿಣಮಿಣ ಅಂದ್ರ ಕೆಲಸ ಮಾಡಾಕತ್ತದ ಅಂತ.

ಆದ್ರ ಎರಿ ಮಣ್ಣು ಬ್ಯಾರೆ. ಬೀದರ್ ಊರ ಸುತ್ತ ಕೆಂಪ ನೆಲ, ಅಲ್ಲಿ ಇಷ್ಟು ಕಾಟ ಇಲ್ಲ. ನಿಮ್ಮ ತವರಿನ ದಾರಿ ಎರಿ ಹೊಲದ್ದು ಇರಬೇಕು. ತೊಯ್ದ ಎರಿ ಟೈರಿನ ಗೆರಿ ಪೂರಾ ತುಂಬಿ ಹೊಸ ಟೈರನ್ನೂ ನುಣ್ಣಗ ಬೋಳು ಮಾಡ್ತದ. ಮುಂದಿನ ಎರಡೂ ಗಾಲಿ ಜಾರಿದ್ರ ಟ್ರ್ಯಾಕ್ಷನ್ ಕಂಟ್ರೋಲ್ ಎರಡಕ್ಕೂ ಬ್ರೇಕ್ ಹಾಕಿ ಇಂಜಿನ್ ಕುತ್ತಿಗಿ ಹಿಸಕ್ತದ. ನಿಮಗ ಆದದ್ದು ಅದು. ಅಂಥಲ್ಲಿ ಆ ಗುಂಡಿ ಒತ್ತಿ ಬಂದ್ ಮಾಡ್ರಿ. ಗಾಲಿ ಸ್ವಲ್ಪ ತಿರುಗಿ ಮಣ್ಣು ಸಿಡಿಸಿದ್ರೇನೇ ಗೆರಿ ಖಾಲಿ ಆಗ್ತದ. ಸೆಕೆಂಡ್ ಗೇರ್, ಕಮ್ಮಿ ರೇಸ್, ಸ್ಟೇರಿಂಗ್ ನೆಟ್ಟಗ. ಗಾಲಿ ಮುಂದ ತೊಗರಿ ಕಟಗಿ ಇಲ್ಲಾಂದ್ರ ಜ್ವಾಳದ ದಂಟು ಹಾಕ್ರಿ. ಗಾಲಿ ಹೂಳಾಕತ್ರ ರೇಸ್ ಬಿಟ್ಟು ಅಣ್ಣನ ಟ್ರ್ಯಾಕ್ಟರ್ ಕರೀರಿ, ಹೊಟ್ಟಿ ನೆಲಕ್ಕ ಕೂಡೋ ಮೊದಲು. ಡಾಂಬರ್ ಸಿಕ್ಕ ಕೂಡ್ಲೆ ಗುಂಡಿ ಮತ್ತ ಚಾಲೂ ಮಾಡ್ರಿ.

ಪ್ರತಿಕ್ರಿಯೆ (ಸೇಡಂ ಮಾಸ್ತರ್ರು, ಮೂರು ದಿನದ ಮ್ಯಾಲ):
ಅಣ್ಣಾ, ನಮ್ಮೂರ ಹೊರಗ ಖಾಲಿ ಲೇಔಟ್ ಅದ, ಮುಂಜಾನೆ ಮಳಿ ನಿಂತ ಮ್ಯಾಲ ಹಿಂದ ಮುಂದ ಯಾರೂ ಇಲ್ಲದ್ದು ನೋಡಿ 40ರಾಗ ಜೋರ್ ಒತ್ತಿದೆ. ಒದೀತು. ಬಿಡಲಿಲ್ಲ. ಸ್ಟೇರಿಂಗ್ ತಿರುವಿದ್ರ ಖರೇನೇ ತಿರುಗ್ತದ್ರಿ! ನಾಲ್ಕು ಸಲ ಮಾಡಿದೆ. ಆದ್ರೂ ನಾ ಅಂದುಕೊಂಡದ್ದಕಿಂತ ಬಹಳ ದೂರ ಹೋಗಿ ನಿಲ್ತದ.

ಉತ್ತರ (ಬ್ರೇಕ್ ಮಿಸ್ತ್ರಿ):
ಶಾಬ್ಬಾಸ್. ಈಗ ಕೆಳಗಿಳಿದು ಟೈರ್ ಬದಿಗಿ ನೋಡ್ರಿ. ಉದ್ದನ ಗೋಲದಾಗ ನಾಲ್ಕು ಅಂಕಿ ಇರ್ತಾವ. ಮೊದಲೆರಡು ವಾರ, ಕಡೀ ಎರಡು ವರ್ಷ. ಎಷ್ಟದ ಹೇಳ್ರಿ. ಮತ್ತ ಗೆರಿ ಆಳ ಎಷ್ಟದ? 1.6 ಮಿಲಿಮೀಟರ್‌ಗಿಂತ ಕಮ್ಮಿ ಇದ್ರ ಕಾನೂನಿಗೂ ನಡಿಯಂಗಿಲ್ಲ.

ಪ್ರತಿಕ್ರಿಯೆ (ಸೇಡಂ ಮಾಸ್ತರ್ರು):
1417 ಅದ್ರಿ. ಗಾಡಿ ಜೋಡಿ ಬಂದವೇ. ಗೆರಿ ನಡುವ ಸಣ್ಣ ದಿಬ್ಬ ಇರ್ತಾವಲ್ಲ, ಅದಕ್ಕ ಸಮ ಸವದಾವ.

ಉತ್ತರ (ಬ್ರೇಕ್ ಮಿಸ್ತ್ರಿ):
2017ರ ಏಪ್ರಿಲ್. ಆ ದಿಬ್ಬಕ್ಕ ಸಮ ಬಂತಂದ್ರ ಟೈರ್ ಮುಗೀತು ಅಂತಾನೇ ಅರ್ಥ. ಮಾಸ್ತರ್ರ, ಎಬಿಎಸ್ ಪಾಪ ಏನ್ ಮಾಡಬೇಕು, ಟೈರ್ ಎಷ್ಟು ಹಿಡೀತದೋ ಅಷ್ಟನ್ನೇ ಹಂಚಿ ಕೊಡ್ತದ. ಐತವಾರ ಶೆಡ್ ಅರ್ಧ ದಿನ ತಗದಿರ್ತದ, ಟೈರ್ ಹಾಕಿಸ್ಕೊಂಡೇ ಬರ್ರಿ, ಬ್ರೇಕ್ ಆಯಿಲ್ ನಾ ನೋಡ್ತೀನಿ. ಬರೋವಾಗ ಮಳಖೇಡದ ಹತ್ರ ನಿಧಾನ.