ಪೇಂಟರ್ ಹತ್ತಿರ ಫೋಟೋಗ್ರಾಫರ್ ಕಲಿಯೋದೇನು?

ಪ್ರಶ್ನೆ:
ನಾನು ಮದುವೆ ಫೋಟೋ ತೆಗೆಯುವವನು. ಕ್ಯಾಮೆರಾ, ಲೆನ್ಸ್ ಎಲ್ಲಾ ಚೆನ್ನಾಗಿವೆ, ಆದ್ರೂ ಫೋಟೋಗಳೆಲ್ಲ ಒಂದೇ ಥರ ಕಾಣುತ್ತವೆ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೇ ಬ್ರೆಸೋನ್ ಮೊದಲು ಪೇಂಟಿಂಗ್ ಕಲಿತಿದ್ದರಂತೆ. ಅದರಿಂದ ನಿಜಕ್ಕೂ ಏನಾದರೂ ಸಿಕ್ಕಿತಾ?

ಉತ್ತರ 1:
ಸಿಕ್ಕಿತು, ಜಾಸ್ತಿನೇ. 1920ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಲೋಟ್ ಅನ್ನುವ ಕ್ಯೂಬಿಸ್ಟ್ (ವಸ್ತುಗಳನ್ನು ಜ್ಯಾಮಿತಿಯ ಆಕಾರಗಳಾಗಿ ಒಡೆದು ಬಿಡಿಸುವ) ಪೇಂಟರ್ ಹತ್ತಿರ ಕಲಿತರು. ಚೌಕಟ್ಟಿನೊಳಗೆ ಗೆರೆ, ಆಕಾರ, ಖಾಲಿ ಜಾಗ ಹೇಗೆ ಹೊಂದಬೇಕು ಅನ್ನೋದು ಅಲ್ಲಿಂದ ಬಂತು. 1932ರಲ್ಲಿ ಫ್ರಾನ್ಸಿನ ಇಯೇರ್ ಊರಲ್ಲಿ ತೆಗೆದ ಸೈಕಲ್ ಫೋಟೋ ನೋಡಿ: ಸುತ್ತಿ ಇಳಿಯುವ ಮೆಟ್ಟಿಲು, ಅದರ ಕಂಬಿ, ಬಾಗಿದ ರಸ್ತೆ, ಇವೆಲ್ಲ ಸೇರಿ ಚಿತ್ರ ಆಗಲೇ ಸಿದ್ಧವಾಗಿದೆ, ಸೈಕಲ್ಲಿನವನು ಅದರೊಳಗೆ ಹಾದು ಹೋಗುತ್ತಾನೆ ಅಷ್ಟೇ.

ಉತ್ತರ 2:
ಆದ್ರೆ ಗುರುವಿನ ನಿಯಮಗಳು ಅವರಿಗೆ ಉಸಿರು ಕಟ್ಟಿಸಿದ್ದವು, ಅಲ್ವಾ? ಕನಸು, ಒಳಮನಸ್ಸನ್ನು ನಂಬುವ ಕಲಾವಿದರಾದ ಸರ್ರಿಯಲಿಸ್ಟರ ಸಹವಾಸದಿಂದ ಅಂಟಿದ ಆಕಸ್ಮಿಕದ ಹುಚ್ಚೂ ಅಷ್ಟೇ ಮುಖ್ಯ. ಬರೀ ಲೆಕ್ಕಾಚಾರ ಇದ್ದಿದ್ದರೆ ಆ ಫೋಟೋಗಳಲ್ಲಿ ಜೀವ ಇರುತ್ತಿರಲಿಲ್ಲ.

ಉತ್ತರ 3:
ಎರಡೂ ಸರಿ. ನಿಮ್ಮ ಫೋಟೋವನ್ನು ಸುಮ್ನೆ ತಲೆಕೆಳಗೆ ಮಾಡಿ ನೋಡಿ, ಮುಖಗಳು ಮರೆತು ಆಕಾರ ಕಾಣುತ್ತದೆ. ಮುಂದಿನ ಸಲ ಧಾರೆ ಹೊತ್ತಿಗೆ ಮೊದಲು ಜಾಗ ಆರಿಸಿ ನಿಲ್ಲಿ, ಆಮೇಲೆ ಜನ ಬರಲಿ. ವಿಡಿಯೋದವನು ಅಡ್ಡ ಬಂದರೆ ಅದು ನಿಮ್ಮ ಕರ್ಮ.