ಪದಚರ್ಚೆ: ‘ಅಪಾಪ್ಟೋಸಿಸ್’ಗೆ ‘ಉದುರುಸಾವು’ ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿಗೆ ಕನ್ನಡದಲ್ಲಿ ಜೀವಶಾಸ್ತ್ರದ ನೋಟ್ಸ್ ಬರೆಯುತ್ತಿದ್ದೇನೆ. ಸಿ. ಎಲೆಗನ್ಸ್ ಹುಳದ ಪಾಠಕ್ಕೆ ಬಂದಾಗ, ‘ಅಪಾಪ್ಟೋಸಿಸ್’ಗೆ (ಮೊದಲೇ ಗೊತ್ತುಮಾಡಿದಂತೆ ಕೋಶ ಸಾಯುವುದಕ್ಕೆ) ಕನ್ನಡದ ಮಾತು ಸಿಗದೆ ಪೆನ್ನು ನಿಂತುಬಿಟ್ಟಿದೆ.

ಈ ಹುಳ ಒಂದು ಮಿಲಿಮೀಟರ್ ಉದ್ದ. ದ್ವಿಲಿಂಗಿ ಹುಳ ಬೆಳೆಯುವಾಗ ಮೊಟ್ಟೆ, ವೀರ್ಯ ಆಗುವ ಕೋಶಗಳನ್ನು ಬಿಟ್ಟು ಅದರ ಮೈಯಲ್ಲಿ 1090 ಜೀವಕೋಶ ಹುಟ್ಟುತ್ತವೆ, ಅದರಲ್ಲಿ 131 ಸಾಯುತ್ತವೆ. ಯಾವ ಹುಳ ನೋಡಿದರೂ ಸಾಯುವವು ಅವೇ. ಬ್ರೆನ್ನರ್, ಹಾರ್ವಿಟ್ಜ್, ಸಲ್ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಬಂದಿದ್ದು ಇದೇ ಕೆಲಸಕ್ಕೆ. ಇದು ರೋಗದ ಸಾವಲ್ಲ. ಸೆಡ್-4 ಎಂಬ ಜೀನಿನ ಪ್ರೋಟೀನು ಸೆಡ್-3 ಎಂಬ ಜೀನಿನ ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಕೋಶದ ಬೇರೆ ಪ್ರೋಟೀನುಗಳನ್ನು ಕತ್ತರಿಸುತ್ತದೆ.

ಇದಕ್ಕೆ ಕೆಲವರು ‘ಕೋಶದ ಆತ್ಮಹತ್ಯೆ’ ಎನ್ನುತ್ತಾರೆ. ನನಗದು ಸರಿ ಅನ್ನಿಸುವುದಿಲ್ಲ. ಹುಳದ ಮೈಯಲ್ಲಿ ತತ್ತಿ (ಮೊಟ್ಟೆ) ತಯಾರಾಗುವ ಕೊಳವೆಯನ್ನೇ ನೋಡಿ. ಅದು ಬಾಗುವ ಜಾಗದ ಹತ್ತಿರ, ತತ್ತಿಯಾಗಬೇಕಿದ್ದ ಕೋಶಗಳಲ್ಲಿ ಸುಮಾರು ಅರ್ಧ ಸಾಯುತ್ತವೆ. ಅವುಗಳಲ್ಲಿ ಕೆಟ್ಟು ಹೋಗಿದ್ದೇನೂ ಇರಬೇಕಿಲ್ಲ. ಎಲ್ಲವೂ ಒಂದೇ ಕೋಶರಸಕ್ಕೆ ಬಾಯಿ ತೆರೆದುಕೊಂಡಿರುತ್ತವೆ. ಸಾಯುವವು ತಮ್ಮ ಪಾಲಿನ ರಸ ಬಿಟ್ಟುಕೊಡುತ್ತವೆ, ಉಳಿದವು ಅದರಿಂದ ದಪ್ಪಗಾಗುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಸಾಯುವ ಕೋಶ ಮೈಕ್ರೋಸ್ಕೋಪಿನಲ್ಲಿ ದುಂಡಗೆ, ಅಂಗಿಯ ಗುಂಡಿಯಂತೆ ಎದ್ದು ಕಾಣುತ್ತದೆ. ಆಮೇಲೆ ಪಕ್ಕದ ಹೊದಿಕೆಯ ಕೋಶ ಅದನ್ನು ನುಂಗಿಬಿಡುತ್ತದೆ. ಇದರಲ್ಲಿ ಆತ್ಮಹತ್ಯೆ ಎಲ್ಲಿ ಬಂತು?

1972ರಲ್ಲಿ ‘ಅಪಾಪ್ಟೋಸಿಸ್’ ಎಂಬ ಹೆಸರಿಟ್ಟವರು ಎಲೆ, ಎಸಳು ಉದುರುವುದಕ್ಕೆ ಗ್ರೀಕಿನಲ್ಲಿದ್ದ ಮಾತನ್ನೇ ತಂದರು. ನಮ್ಮ ಕಡೆ ತೊಗರಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂದ ಹೂವೆಲ್ಲ ಕಾಯಿ ಆಗೋದಿಲ್ಲ ಅಲ್ವಾ? ಅದಕ್ಕೇ ‘ಉದುರುಸಾವು’ ಅಂದುಕೊಂಡೆ. ಪೆಟ್ಟು ಬಿದ್ದು ಕೋಶ ಊದಿ ಒಡೆಯುವ ಸಾವಿನಿಂದ ಇದು ಬೇರೆ ಎಂದೂ ತಿಳಿಯುತ್ತದೆ. ತೊಡಕು ಒಂದೇ: ಉದುರಿದ್ದು ಕೆಳಗೆ ಬೀಳುತ್ತದೆ, ಇಲ್ಲಿ ಪಕ್ಕದವರು ನುಂಗುತ್ತಾರೆ. ‘ಯೋಜಿತ ಕೋಶಮರಣ’ದಲ್ಲಿ ಆ ತೊಡಕಿಲ್ಲ, ಆದರೆ ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ.

ಇನ್ನೊಂದು. ಸೆಡ್ ಹೆಸರಿನವನ್ನೆಲ್ಲ ‘ಸಾವಿನ ಜೀನ್’ ಎಂದು ಬರೆದರೆ ಸೆಡ್-9ಕ್ಕೆ ಅನ್ಯಾಯ. ಅದು ಸೆಡ್-4ನ್ನು ಹಿಡಿದಿಟ್ಟು ಕೋಶವನ್ನು ಉಳಿಸುತ್ತದೆ. ಅದು ಕೆಟ್ಟರೆ ಉಳಿಯಬೇಕಾದ ಕೋಶಗಳೂ ಸಾಯುತ್ತವೆ. ‘ಕಾಯುವ ಜೀನ್’ ಅನ್ನಲೇ?

ಮೊಟ್ಟೆಗೆ ಇಲ್ಲಿ ಎಲ್ಲರೂ ತತ್ತಿ ಅನ್ನುವುದರಿಂದ, ಬಲಿಯದ ಅಂಡಾಣುವಿಗೆ ‘ಎಳೆತತ್ತಿ’ ಎಂದು ಬರೆದಿದ್ದೇನೆ. ಮೈಸೂರು ಕಡೆಯವರಿಗೆ ಅರ್ಥವಾಗುತ್ತದಾ, ಹೇಳಿ. ಬೀದರ, ಯಾದಗಿರಿ ಕಡೆ ಹೂ ಉದುರುವುದಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.